ಎಂಟು ಚೌಕದಲ್ಲಿ ನಂಬರ್ ಪ್ಲೇಟ್: ಮಸುಕು ವಿಡಿಯೊ ಎಷ್ಟು ದೊಡ್ಡದು ಮಾಡಬಹುದು?

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಫೋಟೊ. ಜತೆಗೆ ಹಳೇ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಕೆಲಸ. ಮೂರು ನಾಲ್ಕು ವರ್ಷದಿಂದ ಇನ್ನೊಂದು ಥರದ ಗಿರಾಕಿಗಳೂ ಬರುತ್ತಿದ್ದಾರೆ. ಮೊಬೈಲ್ ಮುಂದೆ ಹಿಡಿದು, "ಸಾರ್, ಇದೊಂಚೂರು ಕ್ಲಿಯರ್ ಮಾಡ್ಕೊಡಿ, ಸಿನಿಮಾದಲ್ಲಿ ಮಾಡ್ತಾರಲ್ಲ ಹಂಗೆ" ಅನ್ನುವವರು.

ಹೋದ ವರ್ಷ ಹಾಗೆ ಬಂದವರು ಕೊಬ್ಬರಿ ಮಂಡಿಯ ಯಜಮಾನರೊಬ್ಬರು. ರಾತ್ರಿ ಒಂಬತ್ತೂವರೆ ಹೊತ್ತಿಗೆ ಯಾರೋ ಮಂಡಿ ಮುಂದೆ ಬೈಕ್ ನಿಲ್ಲಿಸಿ, ಎರಡು ಮೂಟೆ ಉಂಡೆ ಕೊಬ್ಬರಿ ಹೇರಿಕೊಂಡು ಹೋಗಿದ್ದಾರೆ. ಎದುರಿನ ಕಂಬದ ಸಿಸಿಟಿವಿಯಲ್ಲಿ ಎಲ್ಲ ಕಾಣುತ್ತದೆ. ನಂಬರ್ ಪ್ಲೇಟ್ ಕೂಡ ಕಾಣುತ್ತದೆ, ಆದರೆ ಬಿಳಿ ಮಚ್ಚೆಯ ಹಾಗೆ. "ಅದೊಂದು ದೊಡ್ಡದು ಮಾಡಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದರು.

ಇಂಥ ಕೆಲಸ ಬಂದಾಗ ನಾನು ಮೊದಲು ಮಾಡುವುದು ಒಂದೇ. ಸಾಫ್ಟ್‌ವೇರ್ ತೆರೆಯುವುದಿಲ್ಲ, ಚೌಕ ಎಣಿಸುತ್ತೇನೆ. ವಿಡಿಯೊದಿಂದ ಒಂದು ಫ್ರೇಮ್, ಅಂದರೆ ಒಂದೇ ಒಂದು ಸ್ಥಿರ ಚಿತ್ರ ತೆಗೆದು, ಎಂಟು ಪಟ್ಟು ಜೂಮ್ ಮಾಡಿದರೆ ಪಿಕ್ಸೆಲ್‌ಗಳು ಚೌಕ ಚೌಕವಾಗಿ ಕಾಣುತ್ತವೆ. ಯಜಮಾನರನ್ನೇ ಪಕ್ಕ ಕೂರಿಸಿಕೊಂಡು ಎಣಿಸಿದೆವು. ಪ್ಲೇಟಿನ ಅಗಲ ಎಂಟು ಚೌಕ. ಬೈಕಿನ ಹಿಂದಿನ ಪ್ಲೇಟಿನಲ್ಲಿ ಎರಡು ಸಾಲು. ಮೇಲೆ ಕೆಎ 44 ಥರದ್ದು, ಕೆಳಗೆ ಒಂದೆರಡು ಅಕ್ಷರ ಮತ್ತು ನಾಲ್ಕು ಅಂಕಿ. ಅಂದರೆ ಕೆಳಸಾಲಿನ ಆರು ಗುರುತುಗಳಿಗೆ ಇರುವುದು ಎಂಟೇ ಚೌಕ.

ಮಗಳ ಲೆಕ್ಕದ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಅವರ ಕೈಗೆ ಕೊಟ್ಟೆ. "ಯಜಮಾನ್ರೇ, ಚೌಕ ಪೂರ್ತಿ ತುಂಬಿ ಇಲ್ಲಾ ಖಾಲಿ ಬಿಡಿ. ಒಂದು ಚೌಕದ ಅಗಲದಲ್ಲಿ 8 ಬರೀರಿ, ಪಕ್ಕದಲ್ಲಿ 3 ಬರೀರಿ. ಎರಡೂ ಬೇರೆ ಬೇರೆ ಕಾಣಬೇಕು." ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ನೋಡಿ ಕೆಳಗಿಟ್ಟರು. ನೀವೂ ಮಾಡಿ ನೋಡಿ. ಬಸ್ಸು, ಬ್ಯಾಂಕಿನ ಎಲ್‌ಇಡಿ ಬೋರ್ಡುಗಳಲ್ಲಿ ಒಂದು ಅಂಕಿಗೆ ಸಾಮಾನ್ಯವಾಗಿ 5 ಚುಕ್ಕಿ ಅಗಲ, 7 ಚುಕ್ಕಿ ಎತ್ತರ ಇರುತ್ತದೆ. ಅದಕ್ಕಿಂತ ತೀರಾ ಕಡಿಮೆಯಾದರೆ 3, 8, 6, 0 ಒಂದಕ್ಕೊಂದು ಬೆರೆಯುತ್ತವೆ. ಅದೂ ಅಂಕಿಯನ್ನು ಚುಕ್ಕಿಗೆ ಸರಿಯಾಗಿ ಕೂರಿಸಿದಾಗ. ಕ್ಯಾಮೆರಾದ ಪಿಕ್ಸೆಲ್‌ಗೆ ಅಂಕಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಗೊತ್ತಿಲ್ಲ. ಅರ್ಧ ಅಂಕಿ ಈ ಚೌಕಕ್ಕೆ, ಅರ್ಧ ಆ ಚೌಕಕ್ಕೆ ಬೀಳುತ್ತದೆ. ಹಾಗಾಗಿ ಒಂದು ಅಂಕಿಗೆ ಏಳೆಂಟು ಚೌಕವಾದರೂ ಇಲ್ಲದಿದ್ದರೆ ನಾನು ಗಿರಾಕಿಗೆ ಆಸೆ ಹುಟ್ಟಿಸುವುದಿಲ್ಲ.

ಎಣಿಸುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ. ಇದು ಮೂಲ ಫೈಲೇನಾ? ಯಜಮಾನರು ತಂದದ್ದು ವಾಟ್ಸಾಪ್‌ನಲ್ಲಿ ಬಂದದ್ದು, 848 ಅಗಲ, 480 ಎತ್ತರ. ವಿಎಲ್‌ಸಿ ಪ್ಲೇಯರ್‌ನಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿದರೆ ಈ ಅಳತೆ ಸಿಗುತ್ತದೆ. ಕ್ಯಾಮೆರಾ ನಿಜವಾಗಿ 2 ಮೆಗಾಪಿಕ್ಸೆಲ್‌ದು, ಅಂದರೆ 1920 ಅಗಲ, 1080 ಎತ್ತರ. ವಾಟ್ಸಾಪ್ ಅದನ್ನು ಕುಗ್ಗಿಸಿ, ಹಿಂಡಿ ಕಳಿಸಿತ್ತು. ಅದಕ್ಕಿಂತಲೂ ಕೆಟ್ಟದ್ದು, ಮಾನಿಟರ್ ಮುಂದೆ ಮೊಬೈಲ್ ಹಿಡಿದು ಮಾಡಿದ ವಿಡಿಯೊ. ಅಂಥದ್ದು ತಂದರೆ ನಾನು ಮುಟ್ಟುವುದೇ ಇಲ್ಲ.

ಮಾರನೇ ದಿನವೇ ಪೆನ್‌ಡ್ರೈವ್ ಹಿಡಿದು ಮಂಡಿಗೆ ಹೋದೆ. ಸಿಸಿಟಿವಿ ರೆಕಾರ್ಡ್ ಆಗುವ ಪೆಟ್ಟಿಗೆ, ಅಂದರೆ ಡಿವಿಆರ್‌ನಿಂದ ಮೂಲ ಫೈಲ್ ಇಳಿಸಿಕೊಂಡೆ. ಇದನ್ನು ಮುಂದೂಡಬೇಡಿ. ಡಿವಿಆರ್ ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಕೆಲವು ಕಡೆ ಒಂದೇ ವಾರಕ್ಕೆ ಎಲ್ಲ ಅಳಿಸಿರುತ್ತದೆ. ಇಳಿಸುವಾಗ ಮೇನ್ ಸ್ಟ್ರೀಮ್, ಅಂದರೆ ಪೂರ್ತಿ ಅಳತೆಯ ರೆಕಾರ್ಡಿಂಗ್ ಅನ್ನೇ ಆರಿಸಿ. ಮೊಬೈಲ್ ಆ್ಯಪ್‌ಗೆಂದು ಡಿವಿಆರ್ ಇಟ್ಟುಕೊಳ್ಳುವ ಸಬ್ ಸ್ಟ್ರೀಮ್ ತುಂಬಾ ಚಿಕ್ಕದಾಗಿರುತ್ತದೆ, ಎಷ್ಟೋ ಡಿವಿಆರ್‌ಗಳಲ್ಲಿ 352 ಅಗಲ, 288 ಎತ್ತರ. ಡಿವಿಆರ್ ಗಡಿಯಾರ ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇದೆ ಅಂತಲೂ ಬರೆದಿಟ್ಟುಕೊಳ್ಳಿ. ನಮ್ಮ ಮಂಡಿಯದ್ದು ಹನ್ನೊಂದು ನಿಮಿಷ ಮುಂದಿತ್ತು.

ಮೂಲ ಫೈಲಿನಲ್ಲಿ ಪ್ಲೇಟಿನ ಅಗಲ 19 ಚೌಕ. ಇದು ಮೊದಲೇ ಲೆಕ್ಕ ಹಾಕಬಹುದಾದದ್ದು. ಬೈಕ್ ನಿಂತ ಜಾಗದಲ್ಲಿ ಕ್ಯಾಮೆರಾಕ್ಕೆ ಕಾಣುವ ಅಗಲ ಸುಮಾರು 20 ಮೀಟರ್. 1920 ಪಿಕ್ಸೆಲನ್ನು 20 ಮೀಟರಿಗೆ ಹಂಚಿದರೆ ಒಂದು ಮೀಟರಿಗೆ 96. ಬೈಕಿನ ಹಿಂದಿನ ಪ್ಲೇಟ್ 20 ಸೆಂಟಿಮೀಟರ್ ಅಗಲ, ಅಲ್ಲಿಗೆ 19 ಪಿಕ್ಸೆಲ್. ಸಿಸಿಟಿವಿ ಅಳವಡಿಸುವವರಿಗೆ ಐಇಸಿ 62676-4 ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅದರ 2014ರ ಆವೃತ್ತಿಯ ಪ್ರಕಾರ ಅಲ್ಲಿ ಮನುಷ್ಯ ಇದ್ದಾನೆ ಅಂತ ಹೇಳಲು ಮೀಟರಿಗೆ 25 ಪಿಕ್ಸೆಲ್ ಸಾಕು. ಗೊತ್ತಿರುವವನೋ ಅಲ್ಲವೋ ಹೇಳಲು 125 ಬೇಕು. ಮುಖ ನೋಡಿರದವನನ್ನು ಇಂಥವನೇ ಅಂತ ಗುರುತಿಸಲು 250 ಬೇಕು. ನಮ್ಮ 96 ಆ ಎರಡನೆಯದಕ್ಕೂ ಸಾಲದು. ಕ್ಯಾಮೆರಾ ಕೂರಿಸಿದ ದಿನವೇ ಈ ಕೇಸಿನ ಹಣೆಬರಹ ಬರೆದಾಗಿತ್ತು.

ಈಗ ದೊಡ್ಡದು ಮಾಡುವ ವಿಷಯ. ಫೋಟೊಶಾಪ್‌ನಲ್ಲೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೋ ಬೈಕ್ಯೂಬಿಕ್, ಲ್ಯಾಂಕ್ಜೋಸ್ ಅಂತೆಲ್ಲ ಆಯ್ಕೆ ಬರುತ್ತವೆ. ಇವೆಲ್ಲ ಮಾಡುವುದು ಸುತ್ತಮುತ್ತಲಿನ ಪಿಕ್ಸೆಲ್‌ಗಳನ್ನು ನೋಡಿ ನಡುವಿನದ್ದನ್ನು ಲೆಕ್ಕ ಹಾಕಿ ತುಂಬುವುದು, ಅಷ್ಟೇ. ಮಜ್ಜಿಗೆಗೆ ನೀರು ಹಾಕಿದ ಹಾಗೆ. ಚೊಂಬು ತುಂಬುತ್ತದೆ, ಮೊಸರು ಹೆಚ್ಚಾಗುವುದಿಲ್ಲ. ಕಣ್ಣಿಗೆ ಹಿತ ಅಂತ ಎರಡರಿಂದ ನಾಲ್ಕು ಪಟ್ಟು ದೊಡ್ಡದು ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಪಕ್ಕದಲ್ಲೇ ನಿಯರೆಸ್ಟ್ ನೇಬರ್ ಆಯ್ಕೆಯಲ್ಲಿ, ಅಂದರೆ ಚೌಕ ಚೌಕವಾಗಿಯೇ ಉಳಿಯುವ ಹಾಗೆ, ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ನಿಜವಾಗಿ ಕೈಯಲ್ಲಿ ಎಷ್ಟಿದೆ ಅಂತ ಅದು ನೆನಪಿಸುತ್ತಾ ಇರುತ್ತದೆ.

ಒಂದೇ ಫ್ರೇಮಿನಿಂದ ಹೊರಡದ್ದು ಹಲವು ಫ್ರೇಮಿನಿಂದ ಸ್ವಲ್ಪ ಹೊರಡಬಹುದು. ಸುಳ್ಳು ಸೇರಿಸದೆ ನಿಜವಾಗಿ ಕೆಲಸ ಮಾಡುವ ದಾರಿ ಇದು, ನನಗೆ ತುಂಬಾ ಇಷ್ಟವಾದದ್ದೂ ಇದೇ. ಕಳ್ಳ ಮೂಟೆ ಹೇರುವಾಗ ಬೈಕ್ ಅಲುಗಾಡದೆ ನಿಂತಿತ್ತಲ್ಲ, ಅಲ್ಲಿಂದ 64 ಫ್ರೇಮ್ ತೆಗೆದೆ. ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ಮಾಡಿದೆ. ರಾತ್ರಿ ವಿಡಿಯೊದಲ್ಲಿ ಮರಳು ಎರಚಿದ ಹಾಗೆ ಕಾಣುವ ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ. ಅಂಕಿ ಮಾತ್ರ ಅಲ್ಲೇ ಇರುತ್ತದೆ. ಸರಾಸರಿ ತೆಗೆದಾಗ ನಾಯ್ಸ್ ಒಂದನ್ನೊಂದು ಹೊಡೆದುಕೊಂಡು ಹೋಗುತ್ತದೆ. 16 ಫ್ರೇಮ್ ಸೇರಿಸಿದರೆ ನಾಯ್ಸ್ ನಾಲ್ಕನೇ ಒಂದಕ್ಕೆ, 64 ಸೇರಿಸಿದರೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಕ್ಯಾಮೆರಾ ಗಾಳಿಗೆ ಕೂದಲೆಳೆಯಷ್ಟು ಅಲ್ಲಾಡುತ್ತಿದ್ದರೆ ಇನ್ನೂ ಒಳ್ಳೆಯದು. ಪ್ರತಿ ಫ್ರೇಮಿನಲ್ಲೂ ಅಂಕಿ ಪಿಕ್ಸೆಲ್ ಮೇಲೆ ಬೇರೆ ಜಾಗದಲ್ಲಿ ಬಿದ್ದಿರುತ್ತದೆ, ಆಗ ನಿಜವಾದ ಹೊಸ ವಿವರ ಸ್ವಲ್ಪ ಸಿಗುತ್ತದೆ.

ಆದರೆ ಡಿವಿಆರ್ ಜಾಗ ಉಳಿಸಲು ವಿಡಿಯೊವನ್ನು ಹಿಂಡಿರುತ್ತದೆ. ಅಲುಗಾಡದ ಜಾಗವನ್ನು ಪ್ರತಿ ಫ್ರೇಮಿಗೂ ಹೊಸದಾಗಿ ಬರೆಯುವುದಿಲ್ಲ, ಹಿಂದಿನ ಫ್ರೇಮಿನದ್ದನ್ನೇ ಮತ್ತೆ ತೋರಿಸುತ್ತದೆ. ಹಾಗಾಗಿ ನನ್ನ 64 ಫ್ರೇಮಿನಲ್ಲಿ ನಿಜಕ್ಕೂ ಬೇರೆ ಬೇರೆ ಇದ್ದದ್ದು ಕೆಲವೇ ಕೆಲವು. ಇಷ್ಟೆಲ್ಲ ಮಾಡಿ ನಾನು ಹೇಳಲು ಆದದ್ದು ಎರಡು ಮಾತು. ಕೊನೇ ಅಂಕಿ 1 ಅಲ್ಲ, 7 ಅಲ್ಲ. ಉಂಡಗಿರುವ ಅಂಕಿ, ಅಂದರೆ 0, 3, 6, 8, 9 ರಲ್ಲಿ ಒಂದು. ಅಷ್ಟನ್ನೇ ಚೀಟಿಯಲ್ಲಿ ಬರೆದುಕೊಟ್ಟೆ.

ಬೈಕ್ ಹೊರಟ ಮೇಲಿನ ಫ್ರೇಮುಗಳು ಉಪಯೋಗಕ್ಕೆ ಬರಲಿಲ್ಲ. ರಾತ್ರಿ ಬೆಳಕು ಸಾಲದೆ ಕ್ಯಾಮೆರಾ ಶಟರ್ ಸೆಕೆಂಡಿನ 25ನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾದುಹೋಗುವ ಗಾಡಿ ಅಷ್ಟರಲ್ಲಿ 20 ಸೆಂಟಿಮೀಟರ್ ಸರಿದಿರುತ್ತದೆ. ಪ್ಲೇಟಿನ ಅಗಲವೇ ಅಷ್ಟು! ಅಡ್ಡಡ್ಡ ಒರೆಸಿದ ಸ್ಲೇಟಿನ ಹಾಗೆ ಕಾಣುತ್ತದೆ. ಇನ್ನೊಂದು ತೊಂದರೆ, ಈಗಿನ ಹೈ ಸೆಕ್ಯುರಿಟಿ ಪ್ಲೇಟುಗಳು ಬೆಳಕನ್ನು ಬಂದ ಕಡೆಗೇ ವಾಪಸ್ ಎಸೆಯುತ್ತವೆ. ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಅದಕ್ಕೆ ನೇರ ಬಿದ್ದರೆ ಪ್ಲೇಟ್ ಬೆಳ್ಳಗೆ ಸುಟ್ಟುಹೋಗುತ್ತದೆ. ಕತ್ತಲಾದ ಜಾಗವನ್ನು ಲೆವೆಲ್ಸ್, ಅಂದರೆ ಬೆಳಕಿನ ಮಟ್ಟ ಎತ್ತಿ ಒಂದಿಷ್ಟು ಬಿಡಿಸಬಹುದು. ಪೂರ್ತಿ ಬೆಳ್ಳಗಾದ ಜಾಗದಲ್ಲಿ ಬಿಡಿಸಲು ಏನೂ ಉಳಿದಿರುವುದಿಲ್ಲ.

ಯಜಮಾನರು ಸುಮ್ಮನಾಗಲಿಲ್ಲ. "ಎಐ ಅಂತ ಬಂದೈತಂತಲ್ಲ ಸಾರ್, ಅದ್ರಲ್ಲಿ ನೋಡಿ" ಅಂದರು. ನೋಡಲೇಬೇಕು ಅಂತ ಅವರ ಎದುರೇ ಹಾಕಿದೆ. ಮೊದಲ ಫ್ರೇಮಿನಲ್ಲಿ ಅಚ್ಚುಕಟ್ಟಾದ 8 ಬಂತು. ಮುದ್ರೆ ಹೊಡೆದ ಹಾಗೆ. ಅವರ ಮುಖ ಅರಳಿತು. ಮುಂದಿನ ಫ್ರೇಮ್ ಹಾಕಿದೆ, ಅದೇ ಜಾಗದಲ್ಲಿ ಅಷ್ಟೇ ಅಚ್ಚುಕಟ್ಟಾದ 6. ಮತ್ತೊಂದು ಮಾಡೆಲ್ ಆರಿಸಿದೆ, 'ಬಿ' ಅಕ್ಷರ ಬಂತು. "ಇದ್ರಲ್ಲಿ ಯಾವ ಗಾಡಿಯವನ ಮನೆಗೆ ಹೋಗಣ ಯಜಮಾನ್ರೇ?" ಅಂದೆ.

ನೀವು ಯಾವ ಎಐ ಸಾಫ್ಟ್‌ವೇರ್ ಬಳಸಿದರೂ ಈ ಪರೀಕ್ಷೆ ಮಾಡಿ. ಅಕ್ಕಪಕ್ಕದ ನಾಲ್ಕೈದು ಫ್ರೇಮ್ ಬೇರೆ ಬೇರೆಯಾಗಿ ಹಾಕಿ. ಉತ್ತರ ಬದಲಾಗುತ್ತಿದ್ದರೆ ಅದು ವಿಡಿಯೊದಲ್ಲಿ ಇದ್ದದ್ದಲ್ಲ, ಸಾಫ್ಟ್‌ವೇರ್ ಊಹಿಸಿದ್ದು. ಎಲ್ಲದರಲ್ಲೂ ಒಂದೇ ಬಂದರೆ ನಿಜ ಅಂತಲೂ ಅಲ್ಲ, ಒಂದೇ ತಪ್ಪನ್ನು ಐದು ಸಲ ಮಾಡಬಹುದು. ಅದಕ್ಕೆ ಎರಡನೇ ಪರೀಕ್ಷೆ ಇದೆ. ಅದೇ ರಾತ್ರಿ ಒಂಬತ್ತೂವರೆಗೆ ನನ್ನ ಸ್ಕೂಟರನ್ನು ಅದೇ ಜಾಗದಲ್ಲಿ, ಅದೇ ಕ್ಯಾಮೆರಾ ಮುಂದೆ ನಿಲ್ಲಿಸಿ ರೆಕಾರ್ಡ್ ಮಾಡಿಸಿದೆ. ನನ್ನ ನಂಬರ್ ನನಗೆ ಗೊತ್ತಲ್ಲ. ಎಐ ಕೊಟ್ಟ ನಾಲ್ಕು ಅಂಕಿಯಲ್ಲಿ ಎರಡು ತಪ್ಪು. ಗೊತ್ತಿರುವ ಪ್ಲೇಟನ್ನೇ ಓದಲಾಗದ ಕ್ಯಾಮೆರಾ ಗೊತ್ತಿಲ್ಲದ್ದನ್ನು ಓದುತ್ತದಾ?

ಈ ಸಾಫ್ಟ್‌ವೇರ್‌ಗಳನ್ನು ಬೈಯುವ ಉದ್ದೇಶ ನನಗಿಲ್ಲ. ಅವು ಲಕ್ಷಗಟ್ಟಲೆ ಚಿತ್ರ ನೋಡಿ, ಇಂಥ ಮಸುಕಿಗೆ ಸಾಮಾನ್ಯವಾಗಿ ಇಂಥ ವಿವರ ಇರುತ್ತದೆ ಅಂತ ಕಲಿತಿರುತ್ತವೆ. ಸಾಮಾನ್ಯವಾಗಿ ಅನ್ನುವುದೇ ಸಮಸ್ಯೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಅನ್ನುವ ವಿಧಾನ ತಂದರು. 16 ಅಗಲ 16 ಎತ್ತರದ ಚೌಕಚೌಕದ ಮುಖ ಕೊಟ್ಟರೆ 1024 ಅಗಲ 1024 ಎತ್ತರದ ಮುಖ ಮಾಡಿಕೊಡುತ್ತಿತ್ತು. ಯಾರೋ ಬರಾಕ್ ಒಬಾಮಾ ಅವರ ಮಸುಕು ಚಿತ್ರ ಕೊಟ್ಟರು, ಹೊರಗೆ ಬಂದದ್ದು ಒಬ್ಬ ಬಿಳಿಯ. ಚಿತ್ರ ಮಾತ್ರ ಸ್ಫುಟವಾಗಿತ್ತು. ಆ ದೊಡ್ಡ ಮುಖವನ್ನು ಮತ್ತೆ ಕುಗ್ಗಿಸಿದರೆ ಕೊಟ್ಟ ಮಸುಕಿಗೆ ಹೊಂದುತ್ತಿತ್ತು. ಒಂದೇ ಮಸುಕಿಗೆ ಕುಗ್ಗುವ ಮುಖಗಳು ಎಷ್ಟೋ ಇವೆ, ಅದು ಅವುಗಳಲ್ಲಿ ಒಂದನ್ನು ಎತ್ತಿಕೊಟ್ಟಿತು.

ನನಗೂ ಇದೇ ಪಾಠ ಆಯಿತು, ಸಿಸಿಟಿವಿಯಲ್ಲಲ್ಲ, ಮದುವೆ ಕ್ಯಾಸೆಟ್‌ನಲ್ಲಿ. ನೊಣವಿನಕೆರೆ ಕಡೆಯ ಅಕ್ಕ ಒಬ್ಬರು 1994ರ ತಮ್ಮ ಮದುವೆ ಕ್ಯಾಸೆಟ್ ತಂದಿದ್ದರು. ಅವರ ತಾಯಿ ತೀರಿಕೊಂಡು ಬಹಳ ವರ್ಷ ಆಗಿತ್ತು. ಅಮ್ಮ ಓಡಾಡುವುದು ಕಾಣುವ ವಿಡಿಯೊ ಅದೊಂದೇ. ಖುಷಿಪಡಿಸೋಣ ಅಂತ ನಾನು ಎಐ ಹಾಕಿ, ಮುಖ ಸ್ಫುಟ ಮಾಡುವ ಫೇಸ್ ರಿಕವರಿ ಆಯ್ಕೆ ಆನ್ ಮಾಡಿ, 4ಕೆ ಮಾಡಿಕೊಟ್ಟೆ. ಅಕ್ಕ ನೋಡಿದರು. ಧಾರೆ ಎರೆಯುವ ಜಾಗದಲ್ಲಿ ನಿಲ್ಲಿಸಿ ಅಂದರು. "ತಮ್ಮಾ, ನಮ್ಮವ್ವಂಗೆ ಎರಡೂ ಕಡೆ ಮೂಗುಬೊಟ್ಟು ಇತ್ತಲ್ಲಪ್ಪ, ಎಲ್ಲಿ?" ಅಂತ ಕೇಳಿದರು. ಮೂಲದಲ್ಲಿ ಹೋಗಿ ನೋಡಿದೆ. ಎರಡು ಬೆಳ್ಳನೆ ಚುಕ್ಕಿ, ಒಂದೊಂದು ಪಿಕ್ಸೆಲ್. ಸಾಫ್ಟ್‌ವೇರ್ ಒಂದನ್ನು ನಾಯ್ಸ್ ಅಂದುಕೊಂಡು ಒರೆಸಿತ್ತು, ಇನ್ನೊಂದನ್ನು ಮಚ್ಚೆ ಮಾಡಿತ್ತು. ಜತೆಗೆ ಐವತ್ತು ದಾಟಿದ ಹೆಂಗಸಿನ ಕೆನ್ನೆಯ ಸುಕ್ಕೆಲ್ಲ ಹೋಗಿ ಸೀರಿಯಲ್ ನಟಿಯ ಹಾಗೆ ಮಾಡಿಟ್ಟಿತ್ತು. ದುಡ್ಡು ತಗೊಳ್ಳಲಿಲ್ಲ. ಮತ್ತೆ ಮೊದಲಿಂದ ಮಾಡಿದೆ.

ಆಮೇಲಿಂದ ಕ್ಯಾಸೆಟ್ ಕೆಲಸ ಹೀಗೆ ಮಾಡುತ್ತೇನೆ. ಅರ್ಧ ಕೆಲಸ ಕಂಪ್ಯೂಟರಿಗೆ ಬರುವ ಮುಂಚೆಯೇ ಇದೆ. ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿದೆಯಾ ಅಂತ ಅದರ ಪ್ಲಾಸ್ಟಿಕ್ ಕಿಟಕಿಯಲ್ಲಿ ನೋಡಿ. ಬಿಳಿ ಪುಡಿ ಕಂಡರೆ ಪ್ಲೇಯರ್‌ಗೆ ಹಾಕಲೇಬೇಡಿ, ಹೆಡ್ಡೂ ಹಾಳು, ಮುಂದಿನ ಕ್ಯಾಸೆಟ್ಟೂ ಹಾಳು. ಒಳ್ಳೆಯ ವಿಸಿಆರ್ ಹುಡುಕಿ, ಹೆಡ್ ಶುಚಿ ಮಾಡಿ. ಎಸ್-ವಿಡಿಯೊ ಔಟ್ ಇದ್ದರೆ ಹಳದಿ ವೈರ್ ಬಿಟ್ಟು ಅದನ್ನು ಬಳಸಿ. ನಮ್ಮ ದೇಶದ ಆಗಿನ ಟಿವಿ, ಕ್ಯಾಸೆಟ್‌ಗಳದ್ದು ಪಾಲ್ ಪದ್ಧತಿ, ಹಾಗಾಗಿ 720 ಅಗಲ 576 ಎತ್ತರಕ್ಕೆ ಇಳಿಸಿಕೊಳ್ಳಿ. ಇಳಿಸುವಾಗ ಡಿಇಂಟರ್‌ಲೇಸ್, ಅಂದರೆ ಅರ್ಧ ಚಿತ್ರಗಳನ್ನು ಪೂರ್ತಿ ಫ್ರೇಮ್ ಮಾಡುವ ಕೆಲಸ ಮಾಡಬೇಡಿ, ಇದ್ದ ಹಾಗೇ ಬರಲಿ.

ಸೆಕೆಂಡಿಗೆ 25 ಫ್ರೇಮ್ ಅನ್ನುತ್ತೇವೆ, ಆದರೆ ಕ್ಯಾಸೆಟ್ಟಿನಲ್ಲಿ ಇರುವುದು 50 ಅರ್ಧ ಚಿತ್ರಗಳು. ಒಮ್ಮೆ ಬೆಸ ಗೆರೆಗಳು, ಒಮ್ಮೆ ಸಮ ಗೆರೆಗಳು. ಎಷ್ಟೋ ಕಡೆ ಕನ್ವರ್ಟ್ ಮಾಡುವವರು ಇದರಲ್ಲಿ ಅರ್ಧವನ್ನು ಬಿಸಾಡುತ್ತಾರೆ. ಕ್ಯೂಟಿಜಿಎಂಸಿ ಅನ್ನುವ ಉಚಿತ ಸ್ಕ್ರಿಪ್ಟ್ ಬಳಸಿ ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಮಾಡಿಕೊಂಡರೆ ಅಮ್ಮ ನಡೆಯುವುದು, ಸೆರಗು ಸರಿಪಡಿಸುವುದು ನಿಜದ ಹಾಗೆ ಹರಿಯುತ್ತದೆ. ಇದೊಂದು ಕೆಲಸದಿಂದ ಆಗುವ ಉಪಕಾರ ಯಾವ ಎಐಯಿಂದಲೂ ಆಗಿಲ್ಲ, ನನ್ನ ಅನುಭವದಲ್ಲಿ. ಆಮೇಲೆ ಕೆಳಗಡೆ ಹರಿಯುವ ಗೆರೆಗಳನ್ನು ಕತ್ತರಿಸಿ, ಬಣ್ಣ ಸ್ವಲ್ಪ ಸರಿಮಾಡಿ, ನಾಯ್ಸ್ ಕೈ ಹಗುರ ಮಾಡಿ ತೆಗೆಯಿರಿ. ನಾಯ್ಸ್ ಜಾಸ್ತಿ ತೆಗೆದರೆ ಮುಖ ಮೇಣದ ಬೊಂಬೆ ಆಗುತ್ತದೆ.

ಕೊನೆಗೆ 1440 ಅಗಲ 1080 ಎತ್ತರಕ್ಕೆ ದೊಡ್ಡದು ಮಾಡಿ ನಿಲ್ಲಿಸುತ್ತೇನೆ. ಎರಡೂ ಕಡೆ ಕಪ್ಪು ಪಟ್ಟಿ ಇರಲಿ. ಟಿವಿ ತುಂಬಲಿ ಅಂತ ಅಡ್ಡ ಎಳೆದರೆ ಮದುಮಗ ಡುಮ್ಮಗಾಗುತ್ತಾನೆ. "4ಕೆ ಯಾಕೆ ಬೇಡ?" ಅಂತ ಕೇಳಿದವರಿಗೆ ಲೆಕ್ಕ ಹೇಳುತ್ತೇನೆ. 720 ಗುಣಿಸು 576, ಸುಮಾರು 4 ಲಕ್ಷ 15 ಸಾವಿರ ಪಿಕ್ಸೆಲ್. ಪೂರ್ತಿ 4ಕೆ ಪರದೆ ಅಂದರೆ ಸುಮಾರು 83 ಲಕ್ಷ, ಸರಿಯಾಗಿ 20 ಪಟ್ಟು. ಇಪ್ಪತ್ತರಲ್ಲಿ ಹತ್ತೊಂಬತ್ತು ಪಿಕ್ಸೆಲ್ ನಾವು ಹುಟ್ಟಿಸಿದ್ದು. ಆ ಉಳಿದ ಒಂದೂ ಪೂರ್ತಿ ನಿಜವಲ್ಲ. ಈ ಕ್ಯಾಸೆಟ್ಟುಗಳ ವಿಎಚ್‌ಎಸ್ ಪದ್ಧತಿಯಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಯಷ್ಟೇ ವಿವರ ಇರುತ್ತದೆ. ಬಣ್ಣದ ವಿವರ ಅದಕ್ಕಿಂತ ಬಹಳ ಕಡಿಮೆ. ಕೆಂಪು ಸೀರೆಯ ಬಣ್ಣ ಪಕ್ಕದವರ ಪಂಚೆಗೆ ಇಳಿದಂತೆ ಕಾಣುವುದು ಅದಕ್ಕೇ.

ಮುಖ ನಲವತ್ತು ಐವತ್ತು ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಫೇಸ್ ರಿಕವರಿ ಆಫ್. ಗಿರಾಕಿ ಹಟ ಹಿಡಿದರೆ ಮಾಡಿಕೊಡುತ್ತೇನೆ, ಆದರೆ ಬೇರೆ ಫೋಲ್ಡರಿಗೆ ಹಾಕಿ 'ಎಐ ಊಹೆ' ಅಂತ ಹೆಸರಿಡುತ್ತೇನೆ. ಮೂಲ 576ರ ಫೈಲನ್ನು ಎಲ್ಲರಿಗೂ ಕೊಡುತ್ತೇನೆ, ಕೇಳದಿದ್ದರೂ.

ಇನ್ನೂ ಒಂದು ಕೇಳಿ ನೋಡಿ. ಬೇರೆ ಪ್ರತಿ ಯಾರ ಹತ್ತಿರವಾದರೂ ಇದೆಯಾ? ಗಂಡನ ಮನೆಯಲ್ಲಿ ಒಂದು, ಸೋದರಮಾವನ ಮನೆಯಲ್ಲಿ ಒಂದು ಕ್ಯಾಸೆಟ್ ಇರುತ್ತದೆ. ಚಂದ್ರನ ಮೇಲೆ ಮನುಷ್ಯ ಇಳಿದ 1969ರ ವಿಡಿಯೊಗೂ ಇದೇ ಗತಿ ಆಯಿತು. ಅಲ್ಲಿಂದ ಬಂದದ್ದು ಸೆಕೆಂಡಿಗೆ 10 ಫ್ರೇಮ್, 320 ಗೆರೆಯ ಚಿತ್ರ. ಟಿವಿಗೆ ಬದಲಿಸುವಾಗಲೇ ಅದು ಮಸುಕಾಯಿತು. ಮೂಲ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಬಿಟ್ಟಿರಬೇಕು ಅಂತ ನಾಸಾ 2009ರಲ್ಲಿ ಹೇಳಿತು. ಆಗ ಅವರು ಮಾಡಿದ್ದು ಬೇರೆ ಬೇರೆ ಕಡೆ ಉಳಿದಿದ್ದ ಪ್ರಸಾರದ ಪ್ರತಿಗಳನ್ನು ಹುಡುಕಿ, ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ ಶುಚಿ ಮಾಡಿದ್ದು. ನಮ್ಮ ಕಡೆ ಮದುವೆ ಕ್ಯಾಸೆಟ್ ಮೇಲೆ ಕ್ರಿಕೆಟ್ ಮ್ಯಾಚ್ ರೆಕಾರ್ಡ್ ಮಾಡಿದವರನ್ನು ನೋಡಿದಾಗೆಲ್ಲ ನನಗೆ ನಾಸಾ ನೆನಪಾಗುತ್ತದೆ.

ಮಂಡಿ ಕೇಸಿಗೂ ಅದೇ ಕೆಲಸಕ್ಕೆ ಬಂತು. ಬೈಕ್ ಹೋದ ದಾರಿಯಲ್ಲಿ ಒಂದು ಮೆಡಿಕಲ್ ಶಾಪ್ ಇದೆ. ಬಾಗಿಲ ಮೇಲೆ ಕಡಿಮೆ ಎತ್ತರದಲ್ಲಿ ಕ್ಯಾಮೆರಾ. ಅದಕ್ಕೆ ಕಾಣುವುದು ನಾಲ್ಕು ಮೀಟರ್ ಅಗಲ ಮಾತ್ರ, ಅಂದರೆ ಮೀಟರಿಗೆ 480 ಪಿಕ್ಸೆಲ್, ಪ್ಲೇಟಿಗೆ 96. ಅಂಗಡಿಯ ಬೆಳಕೂ ರಸ್ತೆಗೆ ಬೀಳುತ್ತಿತ್ತು. ಮೂಟೆ ಜಾರಿತು ಅಂತ ಅವನು ಅಲ್ಲೇ ನಿಂತು ಹಗ್ಗ ಬಿಗಿದಿದ್ದ. ಆ ನಂಬರ್ ಓದಲು ನಾನು ಬೇಕಾಗಲಿಲ್ಲ, ಅಂಗಡಿ ಹುಡುಗನೇ ಓದಿದ. ಫೈಲನ್ನು ಪೊಲೀಸರೇ ಬಂದು ತೆಗೆದುಕೊಂಡರು.

ಅದೂ ಸರಿಯಾದ ಕ್ರಮ. ವಿಡಿಯೊ ಠಾಣೆಗೋ ಕೋರ್ಟಿಗೋ ಹೋಗುವುದಿದ್ದರೆ ಮೂಲ ಫೈಲಿಗೆ ಕೈ ಹಚ್ಚಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಫೈಲಿನ ಜತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಫೈಲಿನ ಹ್ಯಾಶ್ ಬರೆಯುವ ಜಾಗ ಇದೆ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು. ಒಂದು ಪಿಕ್ಸೆಲ್ ಬದಲಾದರೂ ಅದು ಬದಲಾಗುತ್ತದೆ. ನೀವು ಬೆಳಕು ಹೆಚ್ಚಿಸಿದ್ದರೆ, ದೊಡ್ಡದು ಮಾಡಿದ್ದರೆ, ಅದು ಬೇರೆ ಪ್ರತಿ. ಏನೇನು ಮಾಡಿದಿರಿ ಅಂತ ಸಾಲಾಗಿ ಬರೆದಿಡಿ, ಇನ್ನೊಬ್ಬರು ಅದನ್ನೇ ಮಾಡಿದರೆ ಅದೇ ಚಿತ್ರ ಬರುವ ಹಾಗಿರಲಿ. ಎಐ ಮುಟ್ಟಿದ್ದನ್ನು ಕೊಡಲೇಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2024ರಲ್ಲಿ ಒಂದು ಕೊಲೆ ಕೇಸಿನಲ್ಲಿ ಮೊಬೈಲ್ ವಿಡಿಯೊವನ್ನು ಎಐಯಿಂದ ಸ್ಫುಟ ಮಾಡಿ ತಂದಿದ್ದರು. ನ್ಯಾಯಾಧೀಶರು ಅದನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ.

ಈಗ ಯಜಮಾನರು ಮಂಡಿ ಗೇಟಿಗೆ ಇನ್ನೊಂದು ಕ್ಯಾಮೆರಾ ಹಾಕಿಸಿದ್ದಾರೆ. ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ, ನಾಲ್ಕು ಮೀಟರ್ ಮಾತ್ರ ಕಾಣುವ ಹಾಗೆ. ಇನ್‌ಫ್ರಾರೆಡ್ ಆರಿಸಿ, ಗೇಟಿಗೆ ಒಂದು ಎಲ್‌ಇಡಿ ಬಲ್ಬ್ ಹಾಕಿ, ಶಟರ್ ವೇಗ ಏರಿಸಿಕೊಟ್ಟೆ. ರಾತ್ರಿ ಒಂಬತ್ತೂವರೆಗೆ ನನ್ನ ಸ್ಕೂಟರ್ ಓಡಿಸಿಕೊಂಡು ಎದುರಿಗೆ ಹಾದುಹೋದೆ. ಮೊದಲ ಸಲ ಎಲ್ಲ ಮಂಜು ಮಂಜು. ಯಜಮಾನರು ಸ್ಟೂಲ್ ಹತ್ತಿ, ಟವೆಲಿನಿಂದ ಕ್ಯಾಮೆರಾ ಗಾಜಿನ ಮೇಲಿನ ಧೂಳು ಒರೆಸಿದರು. ಎರಡನೇ ಸಲ ನಂಬರ್ ಓದೋಕೆ ಬಂತು.